ಕಣ್ಣಿನ ಪೊರೆಯ ಮೇಲೆ ಥೀಸಿಸ್ ಬರೆಯುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪ್ರೋಟೋಕಾಲಿನ (ಅಧ್ಯಯನ ಹೇಗೆ ನಡೆಸುತ್ತೀ ಎಂಬ ಯೋಜನೆಯ) ಕರಡು ಓದಿದೆ. ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿಮಾಡಿ ಚಿಕ್ಕ ಗಾಯದಿಂದ ಹೀರಿ ತೆಗೆಯುವ ಫೇಕೋ, ಸ್ವಲ್ಪ ದೊಡ್ಡ ಗಾಯದಿಂದ ಪೊರೆಯ ತಿರುಳನ್ನು ಕೈಯಿಂದಲೇ ಹೊರತೆಗೆಯುವ ಎಸ್‌ಐಸಿಎಸ್: ಎರಡನ್ನೂ ಇನ್ನೂರು ಕಣ್ಣುಗಳಲ್ಲಿ ಹೋಲಿಸಿ ನೋಡುವ ಯೋಜನೆ. ವಿಷಯ ಹಳೆಯದಾಯಿತು ಎಂದು ಅಳುಕಬೇಡ. ಕಷ್ಟ ಇರುವುದು ಬೇರೆ ಕಡೆ: ಪೊರೆಯನ್ನು ಯಾವ ವಿಧಾನದಲ್ಲಿ ತೆಗೆದರೂ ಹೆಚ್ಚಿನವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಏನನ್ನು ಅಳೆಯುತ್ತೀ, ಯಾವಾಗ ಅಳೆಯುತ್ತೀ, ಯಾರಿಂದ ಅಳೆಸುತ್ತೀ ಎಂಬುದರ ಮೇಲೇ ನಿನ್ನ ಉತ್ತರ ನಿಂತಿದೆ. ಕರಡಿನಲ್ಲಿ ಸಡಿಲವಾಗಿರುವುದೂ ಈ ಮೂರೇ.

ಮುಖ್ಯ ಫಲಿತಾಂಶವೆಂದು ಮೊದಲ ದಿನದ ದೃಷ್ಟಿಯನ್ನು ಇಟ್ಟಿದ್ದೀಯ. ಅದನ್ನು ತೆಗೆ. ಮೊದಲ ದಿನ ನಿನ್ನ ಚಾರ್ಟ್ ಅಳೆಯುವುದು ಹೆಚ್ಚಾಗಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಊತವನ್ನು. ನ್ಯೂಕ್ಲಿಯಸ್ (ಪೊರೆಯ ನಡುವಿನ ತಿರುಳು) ಗಟ್ಟಿಯಾಗಿದ್ದಷ್ಟೂ ಫೇಕೋದಲ್ಲಿ ಅಲ್ಟ್ರಾಸೌಂಡ್ ಹೆಚ್ಚು ಬೇಕು, ಊತವೂ ಹೆಚ್ಚು. ನೇಪಾಳದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ನಿನಗೆ ಗೊತ್ತೇ ಇದೆ. 108 ರೋಗಿಗಳು, ಬಲಿತ ಪೊರೆಗಳು. ಮೊದಲ ದಿನ ಊತ ಕಡಿಮೆ ಇದ್ದದ್ದು ಎಸ್‌ಐಸಿಎಸ್ ಗುಂಪಿನಲ್ಲಿ. ಆರು ತಿಂಗಳ ಹೊತ್ತಿಗೆ ಕನ್ನಡಕ ಹಾಕಿ 20/60 (ಸಾಮಾನ್ಯ ಕಣ್ಣು 60 ಅಡಿಯಿಂದ ಓದುವುದನ್ನು 20 ಅಡಿಯಿಂದ ಓದುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿ ಕಂಡವರು ಎರಡೂ ಕಡೆ ಶೇ. 98. ಕನ್ನಡಕವಿಲ್ಲದೆ ಎಸ್‌ಐಸಿಎಸ್‌ನಲ್ಲಿ ಶೇ. 89, ಫೇಕೋದಲ್ಲಿ ಶೇ. 85. ಸರಾಸರಿ ಸಮಯ ಮಾತ್ರ ಎಸ್‌ಐಸಿಎಸ್‌ಗೆ 9 ನಿಮಿಷ, ಫೇಕೋಗೆ 15.5 ನಿಮಿಷ.

ಆ ಅಧ್ಯಯನದಲ್ಲಿ ಇಬ್ಬರು ಸರ್ಜನ್ನರು ತಮ್ಮ ತಮ್ಮ ವಿಧಾನವನ್ನೇ ಮಾಡಿದರು, ಇಬ್ಬರೂ ಪಳಗಿದ ಕೈಗಳು. ಅದಕ್ಕೊಂದು ನ್ಯಾಯವಿದೆ. ಆದರೆ ನಿನ್ನ ಕರಡಿನಲ್ಲಿ ಫೇಕೋ ಪ್ರೊಫೆಸರರದು, ಎಸ್‌ಐಸಿಎಸ್ ಪಿಜಿಗಳದು! ಹೀಗಾದರೆ ನೀನು ಹೋಲಿಸುತ್ತಿರುವುದು ಎರಡು ವಿಧಾನಗಳನ್ನಲ್ಲ, ಇಪ್ಪತ್ತು ವರ್ಷದ ಅನುಭವವನ್ನು ಎರಡು ವರ್ಷದ ಅನುಭವದ ಜೊತೆ. ಎರಡನ್ನೂ ಸಲೀಸಾಗಿ ಮಾಡುವವರನ್ನೇ ಆರಿಸಿಕೊ, ರ‍್ಯಾಂಡಮೈಸೇಶನ್ (ಯಾರಿಗೆ ಯಾವ ವಿಧಾನ ಎಂದು ಚೀಟಿ ಎತ್ತಿದಂತೆ ಹಂಚುವುದು) ಪ್ರತಿ ಸರ್ಜನ್ನರಿಗೂ ಬೇರೆ ಬೇರೆ ಪಟ್ಟಿಯಲ್ಲಿ ಮಾಡು. ನ್ಯೂಕ್ಲಿಯಸ್ಸಿನ ಗಡಸುತನಕ್ಕೂ ಅದೇ ಮಾತು. ಪೊರೆಯ ತೀವ್ರತೆಗೆ ಅಂಕ ಕೊಡುವ ಎಲ್‌ಒಸಿಎಸ್-3 ಪ್ರಕಾರ ಗ್ರೇಡ್ ಹಾಕಿ ಮೃದು, ಗಟ್ಟಿ ಎಂದು ಎರಡು ಪದರ ಮಾಡಿಕೊ. ಗ್ರೇಡ್ ಹಾಕುವವರಿಗೆ ರೋಗಿ ಯಾವ ಗುಂಪಿಗೆ ಹೋಗುತ್ತಾರೆ ಎಂಬುದು ತಿಳಿದಿರಬಾರದು.

ಯಾರು ಯಾವ ಗುಂಪು ಎಂಬ ಚೀಟಿ ಇಡುವ ಲಕೋಟೆಯ ವಿಷಯ ಚಿಕ್ಕದು ಅನ್ನಿಸುತ್ತದೆ, ಆದರೆ ಅಧ್ಯಯನಗಳು ಸೋರುವುದೇ ಅಲ್ಲಿ. ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರ ಕಾಣದಂಥ ದಪ್ಪ ಲಕೋಟೆ ಬೇಕು, ಮೇಲೆ ಕ್ರಮಸಂಖ್ಯೆ ಬೇಕು. ಪಟ್ಟಿ ತಯಾರಿಸಿದವರು ರೋಗಿಗಳನ್ನು ಸೇರಿಸಿಕೊಳ್ಳುವವರಾಗಿರಬಾರದು. ನಾಲ್ಕರ ಬ್ಲಾಕನ್ನೇ (ನಾಲ್ವರಲ್ಲಿ ಇಬ್ಬರು ಒಂದು ಗುಂಪಿಗೆ, ಇಬ್ಬರು ಇನ್ನೊಂದಕ್ಕೆ) ಕೊನೆಯವರೆಗೂ ಬಳಸಿದರೆ ಮೂರು ಲಕೋಟೆ ತೆರೆದವರಿಗೆ ನಾಲ್ಕನೆಯದು ಗೊತ್ತಾಗಿಹೋಗುತ್ತದೆ; ಆಮೇಲೆ ಕಷ್ಟದ ಕಣ್ಣೊಂದು 'ನಾಳೆ ಬನ್ನಿ' ಎಂದು ಹೊರಗೆ ಹೋಗುತ್ತದೆ. ಬ್ಲಾಕಿನ ಗಾತ್ರವನ್ನು 4, 6, 8 ಎಂದು ಬದಲಿಸುತ್ತಿರು. ರೋಗಿ ಟೇಬಲ್ ಮೇಲೆ ಮಲಗಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾದ ಮೇಲೆ ಲಕೋಟೆ ತೆರೆ. ಫೇಕೋ ಶುರು ಮಾಡಿ ನಡುವೆ ಎಸ್‌ಐಸಿಎಸ್‌ಗೆ ತಿರುಗಿದ ಕಣ್ಣು ಕೊನೆಯ ಲೆಕ್ಕದಲ್ಲಿ ಫೇಕೋ ಗುಂಪಿನಲ್ಲೇ ಇರಬೇಕು. ಅದನ್ನು ಎತ್ತಿ ಎಸ್‌ಐಸಿಎಸ್ ಗುಂಪಿಗೆ ಹಾಕಿದರೆ ಫೇಕೋದ ಕೆಟ್ಟ ದಿನಗಳನ್ನೆಲ್ಲ ಅದರ ತಲೆಗೆ ಕಟ್ಟಿದಂತೆ.

ಕಣ್ಣು ಎಷ್ಟು, ಮನುಷ್ಯರು ಎಷ್ಟು ಎಂದು ಕರಡಿನಲ್ಲಿ ಎಲ್ಲೂ ಬರೆದಿಲ್ಲ. ಒಬ್ಬರ ಎರಡು ಕಣ್ಣುಗಳು ಒಂದೇ ರಕ್ತದೊತ್ತಡ, ಒಂದೇ ಸಕ್ಕರೆ, ಒಂದೇ ವಯಸ್ಸನ್ನು ಹಂಚಿಕೊಂಡಿರುತ್ತವೆ. ಅವನ್ನು ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ಪಿ ಮೌಲ್ಯ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಕಾಣಿಸುವ ಸಂಭವ) ಸುಳ್ಳೇ ಚಿಕ್ಕದಾಗುತ್ತದೆ. ಒಬ್ಬರಿಂದ ಒಂದೇ ಕಣ್ಣು ತೆಗೆದುಕೊ. ಯಾವುದು ಎಂಬ ನಿಯಮ ಮೊದಲೇ ಬರೆದಿರಲಿ.

ದೃಷ್ಟಿಯನ್ನು ಸಮಾನ ಹೆಜ್ಜೆಗಳ ಮಾಪನವಾದ ಲಾಗ್‌ಮಾರ್‌ನಲ್ಲೇ ಬರೆ. 20/60ರಂಥ ಸ್ನೆಲೆನ್ ಭಿನ್ನರಾಶಿಗಳ ಸರಾಸರಿ ತೆಗೆಯುವ ಅಭ್ಯಾಸ ಇನ್ನೂ ಎಲ್ಲಾ ಕಡೆ ಕಾಣುತ್ತದೆ, ಅದಕ್ಕೆ ಅರ್ಥವಿಲ್ಲ. ಲಾಗ್‌ಮಾರ್ ಅಳತೆಗೆ ಬಳಸುವ ಇಟಿಡಿಆರ್‌ಎಸ್ ಚಾರ್ಟಿನಲ್ಲಿ ಸಾಲಿಗೆ ಐದು ಅಕ್ಷರ, ಒಂದು ಅಕ್ಷರಕ್ಕೆ 0.02, ಒಂದು ಸಾಲಿಗೆ 0.1. ಅದೇ ಕಣ್ಣನ್ನು ಮರುದಿನ ಅಳೆದರೂ ಒಂದು ಸಾಲಿನಷ್ಟು ಆಚೀಚೆ ಆಗುವುದುಂಟು. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ದೊಡ್ಡ ಗೆಲುವೆಂದು ಬರೆಯಬೇಡ. ಕನ್ನಡಕವಿಲ್ಲದ ದೃಷ್ಟಿ, ಕನ್ನಡಕ ಸಹಿತ ದೃಷ್ಟಿ ಎರಡೂ ಬೇಕು. ಎಸ್‌ಐಸಿಎಸ್‌ನ ಗಾಯ 6ರಿಂದ 7 ಮಿ.ಮೀ., ಫೇಕೋದ್ದು ಮೂರಕ್ಕಿಂತ ಕಡಿಮೆ. ಮೇಲ್ಭಾಗದಲ್ಲಿ ಕೊಯ್ದರೆ ಅಸ್ಟಿಗ್ಮಾಟಿಸಂ (ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದೆ ದೃಷ್ಟಿ ಮಸುಕಾಗುವುದು) ಹೆಚ್ಚು, ಕಿವಿಯ ಕಡೆಯಿಂದ ಕೊಯ್ದರೆ ಕಡಿಮೆ. ಗಾಯ ನೆಲೆನಿಲ್ಲಲು ಆರು ವಾರವಾದರೂ ಕೊಡು. ಅಳೆಯುವವರಿಗೆ ಗುಂಪು ತಿಳಿಯಬಾರದು, ಸರಿ. ಆದರೆ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ) ಸ್ಕ್ಲೀರಾದ, ಅಂದರೆ ಬಿಳಿಗುಡ್ಡೆಯ, ಗಾಯ ಎದ್ದು ಕಾಣುತ್ತದಲ್ಲ? ಆದ್ದರಿಂದ ದೃಷ್ಟಿ ಅಳೆಯುವವರು ಬೇರೆ, ಸ್ಲಿಟ್ ಲ್ಯಾಂಪ್ ನೋಡುವವರು ಬೇರೆ. ದೃಷ್ಟಿ ಮೊದಲು, ಲ್ಯಾಂಪ್ ಆಮೇಲೆ.

ಪೊರೆಯ ಜಾಗದಲ್ಲಿ ಇಡುವ ಕೃತಕ ಲೆನ್ಸಿನ ಪವರ್ ಲೆಕ್ಕ ನಿನ್ನ ಫಲಿತಾಂಶವನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಕಣ್ಣಿನ ಉದ್ದದಲ್ಲಿ 0.1 ಮಿ.ಮೀ. ತಪ್ಪಿದರೆ ಕನ್ನಡಕದ ಪವರ್ ಸುಮಾರು ಕಾಲು ಡಯಾಪ್ಟರ್ ತಪ್ಪುತ್ತದೆ. ಉದ್ದವನ್ನು ಅಲ್ಟ್ರಾಸೌಂಡಿನಿಂದ ಅಳೆಯುವ ಎ-ಸ್ಕ್ಯಾನ್ ಪ್ರೋಬನ್ನು ಕಾರ್ನಿಯಾಕ್ಕೆ ಒತ್ತಿ ಹಿಡಿದರೆ ಕಣ್ಣು ಗಿಡ್ಡವಾಗಿ ಅಳತೆಗೆ ಸಿಗುತ್ತದೆ, ಯಂತ್ರ ಹೆಚ್ಚು ಪವರಿನ ಲೆನ್ಸ್ ಹೇಳುತ್ತದೆ, ರೋಗಿ ಸಮೀಪದೃಷ್ಟಿಯೊಂದಿಗೆ ಹೊರಬರುತ್ತಾರೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೆಟ್ರಿಗೆ ಈ ತೊಂದರೆ ಇಲ್ಲ, ಆದರೆ ದಟ್ಟ ಪೊರೆಯೊಳಗೆ ಅದರ ಬೆಳಕು ಹೋಗುವುದಿಲ್ಲ. 'ಆಪ್ಟಿಕಲ್ ಅಳತೆ ಸಿಗದವರನ್ನು ಕೈಬಿಡಲಾಗುವುದು' ಎಂದು ಬರೆದಿದ್ದೀಯ. ಎಸ್‌ಐಸಿಎಸ್ ಮೇಲುಗೈ ತೋರಿಸಬಹುದಾದ ಕಣ್ಣುಗಳನ್ನೇ ಬಾಗಿಲಲ್ಲಿ ತಡೆದಂತಾಯಿತು. ಅಂಥವರಿಗೆ ಪ್ರೋಬ್ ಕಾರ್ನಿಯಾಕ್ಕೆ ತಾಗದಂತೆ ನಡುವೆ ದ್ರವ ಇಟ್ಟು ಅಳೆಯುವ ಇಮ್ಮರ್ಶನ್ ಎ-ಸ್ಕ್ಯಾನ್ ಮಾಡಿಸು, ಯಾವುದರಿಂದ ಅಳೆದದ್ದು ಎಂದು ಫಾರಂನಲ್ಲಿ ಗುರುತು ಹಾಕು. ಕೆರಟೋಮೆಟ್ರಿ (ಕಾರ್ನಿಯಾದ ಬಾಗಿನ ಅಳತೆ) ಮಾತ್ರ ಮರಗಟ್ಟಿಸುವ ಡ್ರಾಪ್ಸ್‌ಗೂ ಪ್ರೋಬ್ ಮುಟ್ಟಿಸುವುದಕ್ಕೂ ಮೊದಲು ಮುಗಿದಿರಲಿ.

ಎಂಡೋಥೀಲಿಯಂ, ಅಂದರೆ ಕಾರ್ನಿಯಾದ ಒಳಮೈಯ ಕೋಶಗಳ, ಎಣಿಕೆ ಇಟ್ಟಿರುವುದು ಒಳ್ಳೆಯದು. ದೊಡ್ಡವರಲ್ಲಿ ಪ್ರತಿ ಚದರ ಮಿ.ಮೀ.ಗೆ ಸುಮಾರು 2500 ಕೋಶಗಳಿರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ, 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾ ನೀರು ತುಂಬಿಕೊಂಡು ಮಸುಕಾಗುವ ಅಪಾಯ. ಎರಡೂ ಗುಂಪಿಗೆ ಒಂದೇ ವಿಸ್ಕೋಎಲಾಸ್ಟಿಕ್ (ಶಸ್ತ್ರಚಿಕಿತ್ಸೆಯಲ್ಲಿ ಈ ಕೋಶಗಳನ್ನು ಕಾಪಾಡುವ ಜೆಲ್) ಬಳಸದಿದ್ದರೆ ಈ ಎಣಿಕೆ ಯಾವುದರ ಬಗ್ಗೆ ಹೇಳುತ್ತಿದೆ ಎಂಬುದೇ ತಿಳಿಯದು. ಲೆನ್ಸಿಗೂ ಹಾಗೆಯೇ: ಒಂದು ಕಡೆ ಗಟ್ಟಿ ಪಿಎಂಎಂಎ ಪ್ಲಾಸ್ಟಿಕ್, ಇನ್ನೊಂದು ಕಡೆ ಮಡಚುವ ಅಕ್ರಿಲಿಕ್ ಇಟ್ಟು ಹಿಂಬದಿ ಕ್ಯಾಪ್ಸೂಲ್ (ಲೆನ್ಸ್ ಕೂರುವ ಚೀಲದ ಹಿಂಗೋಡೆ) ಮಸುಕಾಗುವುದನ್ನು ಹೋಲಿಸಿದರೆ ವ್ಯತ್ಯಾಸ ಲೆನ್ಸಿನ ವಸ್ತುವಿನದೂ ಅಂಚಿನದೂ ಆಗಿರಬಹುದು. ಆ ಮಸುಕು ಬರಲು ವರ್ಷಗಳೇ ಬೇಕು. ಆರು ತಿಂಗಳ ಥೀಸಿಸ್‌ನಲ್ಲಿ ಅದರ ಅಧ್ಯಾಯವೇ ಬೇಡ.

ಈಗ ಸೋಂಕು. ಕರಡಿನ ಕೊನೆಗೆ 'ಎರಡೂ ವಿಧಾನಗಳ ಸುರಕ್ಷತೆಯನ್ನು ಹೋಲಿಸಲಾಗುವುದು' ಎಂಬ ಸಾಲಿದೆ. ಗುಂಪಿಗೆ ನೂರು ಕಣ್ಣಿನಲ್ಲಿ ಅದು ಆಗುವ ಕೆಲಸವಲ್ಲ ಮಾರಾಯ. ಇನ್ನೂರರಲ್ಲಿ ಒಬ್ಬರಿಗೂ ಎಂಡಾಫ್ತಾಲ್ಮೈಟಿಸ್ (ಕಣ್ಣಿನ ಒಳಗಿನ ಸೋಂಕು) ಬರಲಿಲ್ಲ ಎಂದಿಟ್ಟುಕೊ. ಒಂದೂ ಕಾಣದಾಗ ಮೇಲ್ಮಿತಿ ತಿಳಿಯುವ ರೂಢಿಯಂತೆ ಮೂರನ್ನು ಇನ್ನೂರರಿಂದ ಭಾಗಿಸು: ನಿಜವಾದ ಪ್ರಮಾಣ ಶೇ. 1.5ರವರೆಗೂ ಇರಬಹುದು, ಅಂದರೆ ಯಾರೂ ಒಪ್ಪದಷ್ಟು ಹೆಚ್ಚು. ಸಾವಿರಕ್ಕೆ ಒಂದಿರುವ ಸೋಂಕು ಅರ್ಧಕ್ಕೆ ಇಳಿಯಿತು ಎಂದು ಶೇ. 80 ಪವರ್‌ನಲ್ಲಿ (ವ್ಯತ್ಯಾಸ ಇದ್ದರೆ ಅದು ಕೈಗೆ ಸಿಗುವ ಸಂಭವ) ತೋರಿಸಲು ಗುಂಪಿಗೆ ಸುಮಾರು 47,000 ಜನ ಬೇಕು. ಯುರೋಪಿನ ಪೊರೆ ಸರ್ಜನ್ನರ ಸಂಘವಾದ ಇಎಸ್‌ಸಿಆರ್‌ಎಸ್‌ನ ಅಧ್ಯಯನ 16,000ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡದ್ದು ಇದಕ್ಕೇ. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನ ಮುಂಭಾಗದ ಕೋಣೆಗೆ 0.1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಸೆಫುರಾಕ್ಸಿಮ್ ಎಂಬ ಆಂಟಿಬಯಾಟಿಕ್ ಹಾಕಿದರೆ ಸೋಂಕು ಸುಮಾರು ಐದು ಪಟ್ಟು ಇಳಿಯುತ್ತದೆ ಎಂದು 2007ರಲ್ಲಿ ಅದು ತೋರಿಸಿತು. ಔಷಧ ಹಾಕದ ಗುಂಪಿನಲ್ಲಿ ಸೋಂಕು ಉಳಿದ ಕಡೆಗಳಿಗಿಂತ ಹೆಚ್ಚಿತ್ತು ಎಂಬ ಆಕ್ಷೇಪ ಅದಕ್ಕೆ ಬಂದಿದೆ, ಅದು ನ್ಯಾಯವಾದದ್ದೇ. ಆದರೂ ಎರಡೂ ಗುಂಪಿಗೆ ಒಂದೇ ರೀತಿ ಔಷಧ ಸಿಗಬೇಕು ಎಂಬುದಕ್ಕೆ ಇಷ್ಟು ಸಾಕು.

ಸೆಫುರಾಕ್ಸಿಮ್ ತೆಳುವಾಗಿಸುವ ಲೆಕ್ಕವನ್ನು ಥಿಯೇಟರ್ ಗೋಡೆಗೆ ಅಂಟಿಸು. 750 ಮಿ.ಗ್ರಾಂ ಬಾಟಲಿಗೆ 7.5 ಮಿ.ಲೀ. ಸಲೈನ್, ಅದರಿಂದ 1 ಮಿ.ಲೀ. ತೆಗೆದು ಹೊಸ ಸಿರಿಂಜಿನಲ್ಲಿ 9 ಮಿ.ಲೀ. ಸಲೈನ್ ಜೊತೆ ಚೆನ್ನಾಗಿ ಬೆರೆಸು, ಆಮೇಲೆ 0.1 ಮಿ.ಲೀ. ಎರಡನೆಯ ಹೆಜ್ಜೆ ಮರೆತರೆ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ, ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಊದಿಕೊಳ್ಳುತ್ತದೆ. ಕೊಯ್ಯುವ ಮೊದಲು ಕ್ರಿಮಿ ಕೊಲ್ಲುವ ಶೇ. 5ರ ಪೊವಿಡೋನ್ ಅಯೋಡಿನ್ ಕಣ್ಣೊಳಗೆ ಮೂರು ನಿಮಿಷವಾದರೂ ಇರಬೇಕು. ಮರಗಟ್ಟಿಸುವ ಲಿಗ್ನೋಕೇನ್ ಜೆಲ್ ಬಳಸುವುದಾದರೆ ಅಯೋಡಿನ್ ಆದ ಮೇಲೆ. ಮೊದಲು ಜೆಲ್ ಹಚ್ಚಿದರೆ ಅಯೋಡಿನ್ ಕಂಜಂಕ್ಟೈವಾ (ಬಿಳಿಗುಡ್ಡೆಯ ಮೇಲಿನ ತೆಳುಪದರ) ಮುಟ್ಟುವುದೇ ಇಲ್ಲ.

ಅಂದ ಹಾಗೆ, 'ಪೊರೆ ಕರಗಿಸುವ ಡ್ರಾಪ್ಸ್' ಬಗ್ಗೆ ಪರಿಚಯ ಭಾಗದಲ್ಲಿ ಒಂದು ಪ್ಯಾರಾ ಹಾಕಿದ್ದೀಯ. ಅಂಥದ್ದೊಂದಾದ ಲ್ಯಾನೋಸ್ಟೆರಾಲ್ ಕುರಿತ 2015ರ ವರದಿ ನಾಯಿಗಳಲ್ಲಿ ನಡೆದದ್ದು. ಮನುಷ್ಯರ ಪೊರೆ ಕರಗಿಸುತ್ತದೆಂದು ಸಾಬೀತಾದ ಡ್ರಾಪ್ಸ್ ಇಂದಿಗೂ ಇಲ್ಲ. ಅಳಿಸಿಬಿಡು. ಅದರ ಬದಲು 2000ರಲ್ಲಿ ಅಮೆರಿಕದಿಂದ ಪ್ರಕಟವಾದ, ಸುಮಾರು 19,000 ಶಸ್ತ್ರಚಿಕಿತ್ಸೆಗಳ ಅಧ್ಯಯನ ಓದು. ಒಂದು ಗುಂಪಿಗೆ ಮೊದಲೇ ರಕ್ತಪರೀಕ್ಷೆ, ಇಸಿಜಿ. ಇನ್ನೊಂದಕ್ಕೆ ವಾಡಿಕೆಯ ಪರೀಕ್ಷೆಗಳಿಲ್ಲ. ವೈದ್ಯಕೀಯ ತೊಂದರೆಗಳು ಎರಡೂ ಕಡೆ ಸಾವಿರಕ್ಕೆ 31ರಷ್ಟೇ. ಪ್ರಶ್ನೆ ಎಷ್ಟು ಸರಳ ನೋಡು.

ಒಪ್ಪಿಗೆ ಪತ್ರವನ್ನು ಪೊರೆ ಇರುವವರು ಓದಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಅಕ್ಷರ ದೊಡ್ಡದಾಗಿರಲಿ, ಸಾಕ್ಷಿಯ ಎದುರು ಗಟ್ಟಿಯಾಗಿ ಓದಿ ಹೇಳಲಿ, ಕಣ್ಣಿಗೆ ಡ್ರಾಪ್ಸ್ ಹಾಕುವುದಕ್ಕೆ ಮೊದಲೇ ಇದು ಮುಗಿಯಲಿ. ಮೊದಲ ರೋಗಿ ಸೇರುವ ಮುನ್ನ ಅಧ್ಯಯನ ಸಾರ್ವಜನಿಕ ನೋಂದಣಿಯಲ್ಲಿ ಇರಬೇಕು.

ಮರಳಿ ಬಾರದವರ ಲೆಕ್ಕ ಇನ್ನೊಂದು. ಚೆನ್ನಾಗಿ ಕಂಡವರು ಬರುವುದಿಲ್ಲ, ತೀರಾ ಕೆಟ್ಟವರು ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ, ನಿನ್ನ ಮುಂದೆ ಉಳಿಯುವುದು ನಡುವಿನವರು. ಎರಡು ಫೋನ್ ನಂಬರ್ ಬರೆದುಕೊ, ಬಾರದವರ ಕಾರಣವನ್ನು ಗುಂಪುವಾರು ಕೊಡು.

ಫಾರಂನಲ್ಲಿ ಪ್ರಾಸ್ಟೇಟ್ ಮಾತ್ರೆಯ ಕಾಲಂ ಇಲ್ಲ. ಅಂಥ ಮಾತ್ರೆಯಾದ ಟ್ಯಾಮ್ಸುಲೋಸಿನ್ ತೆಗೆದುಕೊಂಡವರಲ್ಲಿ ಪಾಪೆ ಸರಿಯಾಗಿ ಅಗಲವಾಗುವುದಿಲ್ಲ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸಡಿಲವಾಗಿ ಗಾಯದ ಕಡೆಗೆ ನುಗ್ಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಹಾಗಾಗುವುದುಂಟು, ಆದ್ದರಿಂದ 'ಈಗ' ಎಂದಷ್ಟೇ ಅಲ್ಲ, 'ಹಿಂದೆ ಯಾವಾಗಲಾದರೂ' ಎಂದೂ ಕೇಳು. ಅದನ್ನು ಸೇರಿಸಿ ಎರಡನೆಯ ಕರಡು ಕಳಿಸು. ಸ್ಯಾಂಪಲ್ ಸೈಜ್ ಲೆಕ್ಕವನ್ನು ಹೊಸ ಮುಖ್ಯ ಫಲಿತಾಂಶಕ್ಕೆ ತಕ್ಕಂತೆ ಮತ್ತೆ ಮಾಡಬೇಕಾಗುತ್ತದೆ.

ನಿನ್ನವ