ಕಲಾ ಕಾಲೇಜು ಸೇರುವ ಮುನ್ನ ನೆಲ ತಟ್ಟಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಪ್ರವೇಶದ ದಿನಗಳು ಹತ್ತಿರವಾದಂತೆ ದೃಶ್ಯಕಲೆ ಮತ್ತು ಪ್ರದರ್ಶನ ಕಲೆಗಳ ಕೋರ್ಸುಗಳ ಬಗ್ಗೆ ಪತ್ರಿಕೆಗಳಲ್ಲಿ ಮಾರ್ಗದರ್ಶಿ ಲೇಖನಗಳು ಬರತೊಡಗುತ್ತವೆ. ಎಷ್ಟು ವರ್ಷದ ಪದವಿ, ಏನೇನು ವಿಷಯ, ಮುಂದೆ ಯಾವ ಕೆಲಸ ಎಂಬುದೆಲ್ಲ ಅವುಗಳಲ್ಲಿರುತ್ತದೆ. ಕಲಿಯುವ ಕೋಣೆಯ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಇತಿಹಾಸವನ್ನೋ ವಾಣಿಜ್ಯವನ್ನೋ ಓದುವವರಿಗೆ ಕೋಣೆ ಹೇಗಿದ್ದರೂ ನಡೆದೀತು. ಚಿತ್ರ ಬರೆಯುವವರಿಗೆ, ಕುಣಿಯುವವರಿಗೆ, ಹಾಡುವವರಿಗೆ ಕೋಣೆಯೇ ಅರ್ಧ ಪಾಠ. ಪಠ್ಯಕ್ರಮ ಕಾಗದದ ಮೇಲೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ನೆಲ, ಬೆಳಕು, ಗಾಳಿ, ಆಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎನ್ನುವುದು.

ಮೊದಲು ನೃತ್ಯದ ಕೋಣೆ, ಏಕೆಂದರೆ ಅಲ್ಲಿನ ತಪ್ಪಿಗೆ ದಂಡ ತೆರುವುದು ದೇಹ. ಕಾಂಕ್ರೀಟಿನ ಮೇಲೆ ಕಲ್ಲನ್ನೋ ಟೈಲ್ಸನ್ನೋ ಹಾಸಿದ ನೆಲ ಒಂದಿಷ್ಟೂ ಬಗ್ಗುವುದಿಲ್ಲ. ಜಿಗಿದು ಇಳಿದಾಗಿನ, ಪಾದ ತಟ್ಟಿದಾಗಿನ ಹೊಡೆತವನ್ನೆಲ್ಲ ಹಿಮ್ಮಡಿ, ಮೊಣಕಾಲು, ಸೊಂಟಗಳೇ ತಾಳಿಕೊಳ್ಳಬೇಕು. ವಾರಕ್ಕೆ ಒಂದೆರಡು ಗಂಟೆ ಕುಣಿಯುವವರಿಗೆ ಇದು ಗೊತ್ತಾಗದೆ ಹೋಗಬಹುದು. ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡುವವರಿಗೆ ಮೊದಲು ಕಣಕಾಲಿನ ಎಲುಬಿನುದ್ದಕ್ಕೂ ನೋವು ಬರುತ್ತದೆ. ಅದನ್ನು ಲೆಕ್ಕಿಸದೆ ಕುಣಿದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ಅಲ್ಲಿ ಇರಬೇಕಾದದ್ದು ಹೊಡೆತಕ್ಕೆ ತುಸು ಬಗ್ಗುವ ಸ್ಪ್ರಂಗ್ ಫ್ಲೋರ್: ಕಾಂಕ್ರೀಟಿನ ಮೇಲೆ ರಬ್ಬರ್ ಅಥವಾ ಫೋಮ್ ತುಂಡುಗಳು, ಅವುಗಳ ಮೇಲೆ ಮರದ ರೀಪುಗಳ ಚೌಕಟ್ಟು, ಅದರ ಮೇಲೆ ಸಂದುಗಳು ಒಂದರ ಮೇಲೊಂದು ಬಾರದಂತೆ ಎರಡು ಪದರ ಪ್ಲೈವುಡ್, ಕೊನೆಯಲ್ಲಿ ಮರದ ಹಲಗೆ ಅಥವಾ ವಿನೈಲ್. ಹಲವರು ಮೋಸ ಹೋಗುವುದು ಇಲ್ಲಿಯೇ. ಕಾಂಕ್ರೀಟಿಗೆ ನೇರವಾಗಿ ಅಂಟಿಸಿದ ಮರದ ನೆಲವೂ ನೋಡಲು ಹೀಗೆಯೇ ಹೊಳೆಯುತ್ತದೆ. ಹಿಮ್ಮಡಿಯಿಂದ ಜೋರಾಗಿ ತಟ್ಟಿ: ಕೆಳಗೆ ಗಾಳಿಯಾಡುವ ಜಾಗವಿದ್ದರೆ ಡಬ್ ಎಂದು ಟೊಳ್ಳು ಸದ್ದು ಬರುತ್ತದೆ, ಅಂಟಿಸಿದ್ದಾದರೆ ಬರೀ ಟಕ್. ಜೊತೆಗೆ ಬಂದವರು ಎರಡು ಅಡಿ ದೂರದಲ್ಲಿ ಜಿಗಿದರೆ ನಿಮ್ಮ ಪಾದಕ್ಕೆ ಅದು ತಿಳಿಯಬೇಕು. ಗೋಡೆ ತುಂಬ ಕನ್ನಡಿ ಇದ್ದರೆ ಅದನ್ನು ಮುಚ್ಚಲು ಪರದೆ ಇದೆಯೇ ಎಂದೂ ನೋಡಿ. ಸದಾ ಕನ್ನಡಿ ನೋಡುತ್ತ ಕಲಿತವರು ಕನ್ನಡಿಯಿಲ್ಲದ ರಂಗದ ಮೇಲೆ ದಿಕ್ಕು ತಪ್ಪುವುದು ಅಪರೂಪವಲ್ಲ.

ಚಿತ್ರಕಲೆಯ ಸ್ಟುಡಿಯೊದಲ್ಲಿ ಒಂದು ಸಣ್ಣ ಲೆಕ್ಕ ಹಾಕಿದರೆ ಸಾಕು. ನಿಂತ ಮಾಡೆಲ್ಲನ್ನು ತಲೆಯಿಂದ ಪಾದದವರೆಗೆ ಒಂದೇ ನೋಟದಲ್ಲಿ ಹಿಡಿಯಬೇಕಾದರೆ ಅವರ ಎತ್ತರದ ಮೂರರಷ್ಟು ದೂರ ಬೇಕು, ಅಂದರೆ ಸುಮಾರು 16 ಅಡಿ. ಅದಕ್ಕಿಂತ ತುಂಬ ಹತ್ತಿರ ನಿಂತವರ ಚಿತ್ರದಲ್ಲಿ ತಲೆ ದೊಡ್ಡದಾಗಿ ಕಾಲು ಗಿಡ್ಡವಾಗುತ್ತದೆ. ವಿದ್ಯಾರ್ಥಿಗೆ ಪ್ರಮಾಣ ಬರುವುದಿಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಚಿತ್ರಗಳ ನಿಜವಾದ ದೋಷ ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಚೌಕಟ್ಟು, ಇಟ್ಟ ಜಾಗದ್ದು. 16 ಅಡಿ ದೂರದಲ್ಲಿ ಮಾಡೆಲ್ ಸುತ್ತ ವೃತ್ತ ಎಳೆದರೆ ಅದರ ಸುತ್ತಳತೆ 100 ಅಡಿ. ಒಂದು ಈಸೆಲ್ಲಿಗೂ ಅದರ ಹಿಂದೆ ನಿಂತು ಕೈಯಾಡಿಸಲಿಕ್ಕೂ 5 ಅಡಿ ಹಿಡಿದರೆ 20 ಜನ. ಬೆಳಕು ಒಂದೇ ಬದಿಯಿಂದ ಬರುವಾಗ ಆ ಬದಿಗೇ ನಿಂತವರಿಗೆ ನೆರಳು ಕಾಣುವುದಿಲ್ಲವಾದ್ದರಿಂದ ಒಳ್ಳೆಯ ಜಾಗ ಸಿಗುವುದು ಹನ್ನೆರಡು ಮಂದಿಗಷ್ಟೆ. ಹೀಗಿರುವಾಗ 20 ಅಡಿ ಅಗಲದ ಕೋಣೆಯಲ್ಲಿ 40 ಮಂದಿಗೆ ಒಬ್ಬ ಮಾಡೆಲ್ ಎಂದರೆ ಏನು ಕಲಿಸುತ್ತಾರೆ ಎಂದು ಬೇರೆ ಕೇಳಬೇಕಿಲ್ಲ.

ಬೆಳಕಿನ ಮಾತು ಬಂತು. ಭೂಮಿಯ ಉತ್ತರಾರ್ಧದಲ್ಲಿ ಉತ್ತರದ ಕಿಟಕಿಯನ್ನು ಚಿತ್ರಕಾರರು ಬಯಸುವುದು ಅಲ್ಲಿ ನೇರ ಬಿಸಿಲು ಕಡಿಮೆ, ನೆರಳು ಬೇಗ ಸರಿಯುವುದಿಲ್ಲ ಎಂಬ ಕಾರಣಕ್ಕೆ. ಕಿಟಕಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಸೂರಿನ ತುಂಬ ಟ್ಯೂಬ್‌ಲೈಟ್ ಹಚ್ಚಿದರೆ ಒಂದೇ ವಸ್ತುವಿಗೆ ನಾಲ್ಕು ನೆರಳು ಬಿದ್ದು ಉಬ್ಬುತಗ್ಗು ಮಾಯವಾಗುತ್ತದೆ. ವಸ್ತುವಿಗೆ ಒಂದೇ ದೀಪ ಬೇಕು. ಬಣ್ಣ ಹಚ್ಚುವ ಕಡೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ, ಗರಿಷ್ಠ 100) 90ಕ್ಕೆ ಕಡಿಮೆಯಿಲ್ಲದ, ಹಗಲಿನಂಥ ಬಿಳಿ ಬೆಳಕು ಕೊಡುವ 5000 ಕೆಲ್ವಿನ್ ಆಸುಪಾಸಿನ ದೀಪಗಳಿರಬೇಕು. ಇಲ್ಲವಾದರೆ ಅಲ್ಲಿ ಸರಿ ಕಂಡ ಬಣ್ಣ ಹೊರಗಿನ ಬೆಳಕಿನಲ್ಲಿ ಬೇರೆಯೇ ಆಗಿರುತ್ತದೆ.

ಗಾಳಿಯ ವಿಷಯದಲ್ಲಿ ಸೀಲಿಂಗ್ ಫ್ಯಾನ್ ಇದೆ ಎಂಬ ಉತ್ತರ ಉತ್ತರವೇ ಅಲ್ಲ. ತೈಲವರ್ಣ ತೆಳುವಾಗಿಸಲು ಬಳಸುವ ಟರ್ಪೆಂಟೈನ್ ಆವಿಯನ್ನು ಅದು ಕೋಣೆಯೊಳಗೇ ಕಲಕುತ್ತದೆ. ಹೊರಕ್ಕೆ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು, ಅದರ ಎದುರು ಗೋಡೆಯಲ್ಲಿ ಹೊಸ ಗಾಳಿಗೆ ದಾರಿಯೂ ಬೇಕು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಎಲ್ಲಿ ಹಾಕುತ್ತಾರೆ ಎಂದು ಕೇಳಿ. ಆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಆಮ್ಲಜನಕದೊಡನೆ ಕೂಡಿ. ಆಗ ಹುಟ್ಟುವ ಶಾಖಕ್ಕೆ ರಾಶಿ ಬಿದ್ದ ಬಟ್ಟೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಬಿಗಿ ಮುಚ್ಚಳದ ಲೋಹದ ಡಬ್ಬ ಇರಬೇಕು, ದಿನವೂ ಖಾಲಿಯಾಗಬೇಕು. ಸೆರಾಮಿಕ್ ವಿಭಾಗದಲ್ಲಿ ಒಣ ಪೊರಕೆ ಕಂಡರೆ ಅಲ್ಲಿಯವರಿಗೆ ಜೇಡಿಮಣ್ಣಿನಿಂದ ಎದ್ದು ಶ್ವಾಸಕೋಶ ಕೆಡಿಸುವ ಸಿಲಿಕಾ ಧೂಳಿನ ಅಪಾಯ ತಿಳಿದಿಲ್ಲ ಎಂದೇ ಲೆಕ್ಕ. ಅಲ್ಲಿ ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಸಂಗೀತದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಎದುರುಬದುರು ಬೋಳು ಗೋಡೆಗಳಿದ್ದರೆ ಸದ್ದು ಪಟಪಟನೆ ಪುಟಿಯುತ್ತದೆ, ಅಂಥಲ್ಲಿ ತನ್ನ ದನಿಯ ತಪ್ಪು ತನಗೇ ಕೇಳಿಸುವುದಿಲ್ಲ. ತಾಳವಾದ್ಯ ನುಡಿಸುವವರಿಗೆ ಕಿವಿಯ ಲೆಕ್ಕ ಬೇರೆ ಇದೆ: ಕಿವಿಗೆ ಹಾನಿಯಾಗದಂತೆ ದಿನಕ್ಕೆ ಕೇಳಬಹುದಾದ ಅವಧಿ 85 ಡೆಸಿಬೆಲ್ ಸದ್ದಾದರೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧ, 100 ಮುಟ್ಟಿದರೆ ಕಾಲು ಗಂಟೆ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಬಾರಿಸಿದರೆ 100 ಏನೂ ದೂರವಿಲ್ಲ.

ಇಷ್ಟೆಲ್ಲ ಇದ್ದೂ ಸಂಜೆ ಐದಕ್ಕೆ ಬೀಗ ಬಿದ್ದರೆ ಪ್ರಯೋಜನವಿಲ್ಲ. ಕಲೆಯ ಕಲಿಕೆಯಲ್ಲಿ ತರಗತಿಗಿಂತ ತರಗತಿಯ ನಂತರದ ಗಂಟೆಗಳದ್ದೇ ದೊಡ್ಡ ಪಾಲು. ಹಸಿ ಕ್ಯಾನ್ವಾಸ್ ಇಡಲು ರ‍್ಯಾಕ್ ಇದೆಯೇ ಎಂಬುದೂ ಸಣ್ಣ ಪ್ರಶ್ನೆಯಲ್ಲ. ತೈಲವರ್ಣ ಕೈಗೆ ಅಂಟದಷ್ಟು ಒಣಗಲು ದಿನಗಳೇ ಬೇಕು. ಇಡಲು ಜಾಗವಿಲ್ಲದಲ್ಲಿ ಮಕ್ಕಳು ತಾವಾಗಿಯೇ ಸಣ್ಣ ಚಿತ್ರಕ್ಕೆ ಇಳಿಯುತ್ತಾರೆ, ಕ್ರಮೇಣ ಅದೇ ಅವರ ಶೈಲಿ ಅನ್ನಿಸಿಕೊಳ್ಳುತ್ತದೆ. ಎಲ್ಲರ ಕೆಲಸವನ್ನೂ ಗೋಡೆಗೆ ಹಾಕಿ ಚರ್ಚಿಸುವ ಕ್ರಿಟ್ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ ಎಂದೂ ವಿಚಾರಿಸಿ. ತಲಾ 20 ನಿಮಿಷದಂತೆ 12 ಮಂದಿಗೆ 4 ಗಂಟೆ, 40 ಮಂದಿಗೆ 13 ಗಂಟೆ ದಾಟುತ್ತದೆ. ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲವಾದ್ದರಿಂದ ಕ್ರಿಟ್ ಹೋಗಿ ಬರೀ ಅಂಕ ಉಳಿಯುತ್ತದೆ.

ಒಳ್ಳೆಯ ಗುರು ಕೆಟ್ಟ ಕೋಣೆಯಲ್ಲೂ ಕಲಿಸಬಲ್ಲರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸವೆದ ಮೊಣಕಾಲನ್ನು, ಮಂದವಾದ ಕಿವಿಯನ್ನು ಅವರೂ ಸರಿಮಾಡಲಾರರು. ಆದ್ದರಿಂದ ಪಾಲಕರು ವಾರ್ಷಿಕ ಪ್ರದರ್ಶನದ ದಿನ ಹೋಗದೆ, ಸೆಮಿಸ್ಟರ್ ನಡುವಿನ ಯಾವುದಾದರೂ ಕೆಲಸದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಎರಡನೇ ವರ್ಷದವರ ಸ್ಕೆಚ್‌ಬುಕ್ ತೆರೆಸಿ ನೋಡುವುದು ಮೇಲು. ಪತ್ರಿಕೆಯವರಲ್ಲಿ ಒಂದು ಕೋರಿಕೆ: ಮುಂದಿನ ಮಾರ್ಗದರ್ಶಿಯಲ್ಲಿ ಸೀಟುಗಳ ಸಂಖ್ಯೆಯ ಪಕ್ಕದಲ್ಲಿ ಸ್ಟುಡಿಯೊದ ಉದ್ದಗಲ, ಬಾಗಿಲು ಹಾಕುವ ವೇಳೆ, ನೃತ್ಯದ ನೆಲ ಯಾವ ಬಗೆಯದು ಎಂಬ ಮೂರು ಸಂಗತಿಗಳನ್ನು ಕಾಲೇಜುಗಳಿಂದ ಕೇಳಿ ಪಡೆದು ಅಚ್ಚು ಹಾಕಿ.

ಇತಿ,
ಕಲಾ ಬೋಧಕರೊಬ್ಬರು