ರೆಫರಿ ತೀರ್ಪಿನ ಜಗಳದ ಬಗ್ಗೆ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರದ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಪಂದ್ಯದ ನಂತರ ಇಲ್ಲಿ ಬೈಗುಳ ಜಾಸ್ತಿ ಆಗಿದೆ. ವಾದ ಮಾಡಿ, ಬೇಡ ಅನ್ನಲ್ಲ. ಆದರೆ ರೆಫರಿಯ ಫೋನ್ ನಂಬರ್, ಮನೆ ವಿಳಾಸ ಹಾಕಿದ ಮೆಸೇಜ್‌ಗಳನ್ನು ಡಿಲೀಟ್ ಮಾಡಿದ್ದೇನೆ. ಮತ್ತೆ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ.

"ಇಂಥ ಅನ್ಯಾಯ ಯಾವತ್ತೂ ಆಗಿಲ್ಲ" ಅನ್ನುವವರು 1990ರ ಅಕ್ಟೋಬರ್ 6ರ ಕೊಲರಾಡೊ–ಮಿಸೌರಿ ಪಂದ್ಯ ನೋಡಿ. ಕೊನೆ ಗಳಿಗೆ, ಕೊಲರಾಡೊ 27–31ರಿಂದ ಹಿಂದಿತ್ತು, ಟೈಮ್‌ಔಟ್ ಗಡಿಬಿಡಿಯಲ್ಲಿ ಗೆರೆ ಪಕ್ಕದ ಡೌನ್ ಬೋರ್ಡ್ (ಚೆಂಡನ್ನು ಮುಂದೆ ಒಯ್ಯಲು ಸಿಗುವ ಅವಕಾಶ, ಅಂದರೆ ಡೌನ್, ಎಷ್ಟನೆಯದು ಅಂತ ತೋರಿಸುವ ಫಲಕ) ತಿರುಗಿಸೋದೇ ಮರೆತುಹೋಯಿತು, ನಾಲ್ಕು ಅವಕಾಶ ಸಿಗಬೇಕಾದ ಕಡೆ ಐದು ಸಿಕ್ಕಿತು. ಐದನೆಯದರಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಆರು ಅಂಕ). ಕೊಲರಾಡೊ 33–31ರಿಂದ ಗೆದ್ದಿತು. ರೆಫರಿಗಳು ಅಮಾನತಾದರು, ಫಲಿತಾಂಶ ಮಾತ್ರ ಹಾಗೇ ಉಳಿಯಿತು. ಆ ವರ್ಷದ ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಮತದಾನದ) ಚಾಂಪಿಯನ್ ಅದೇ ಕೊಲರಾಡೊ! 1940ರಲ್ಲಿ ಇಂಥದ್ದೇ ಐದನೇ ಡೌನಿನಿಂದ ಗೆದ್ದ ಕಾರ್ನೆಲ್, ಪಂದ್ಯದ ಫಿಲ್ಮ್ ನೋಡಿದ ಮೇಲೆ ಗೆಲುವನ್ನು ಡಾರ್ಟ್‌ಮತ್‌ಗೆ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸು ಅಂದರೆ ಅದು, ಅಲ್ವಾ?

ಈಗ ರೀಪ್ಲೇ ಇದೆ. ಆದರೂ ಮೈದಾನದ ತೀರ್ಪು ಬದಲಿಸಲು ವಿಡಿಯೊದಲ್ಲಿ ಸಂಶಯವೇ ಇಲ್ಲದಷ್ಟು ಸ್ಪಷ್ಟವಾಗಿ ಕಾಣಬೇಕು. ಹಾಗಾಗಿ ಸುಮ್ನೆ "ಮೋಸ" ಅಂತ ಬರೆಯಬೇಡಿ. ಕ್ಲಿಪ್ ಹಾಕಿ, ಎಷ್ಟನೇ ಡೌನ್, ಎಷ್ಟು ಸಮಯ ಉಳಿದಿತ್ತು ಅಂತ ಜೊತೆಗೆ ಬರೆಯಿರಿ.