ಹೆಸರು ನಿನ್ನದು, ಹಸು ಅತ್ತೆಯದು

ಮಾಲೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಕತೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಓದಿದೆ. ಹದಿನಾಲ್ಕು ಪುಟ. ಅಷ್ಟನ್ನು ಫೋನಿನಲ್ಲಿ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ. ಮಿಷನ್ನಿಂದ ಕಾಗದ ಬರುತ್ತಿದ್ದಂತೆ ಅಂಗಡಿ ಹುಡುಗ ಬಗ್ಗಿ ಓದತೊಡಗಿದ. ನಾನು ಬೇಗ ತೆಗೆದು ಮಡಚಿಕೊಂಡೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕತೆ ಹೇಗಿದೆ ಅಂತ ನೀನು ಕೇಳಿಲ್ಲ. "ಸಂಚಿತಾ ಅಂತ ಹೆಸರು ಹಾಕ್ಕೊಳ್ತೀನಪ್ಪ, ಹೇಗಿದೆ?" ಅಂತ ಮಾತ್ರ ಕೇಳಿದ್ದೀಯ. ಚೆನ್ನಾಗಿದೆ. ಕೇಳಿದರೆ ಬ್ಯಾಂಕಿನ ಡೆಪಾಸಿಟ್ ಸ್ಕೀಮು ನೆನಪಾಗುತ್ತದೆ, ಆದರೂ ಚೆನ್ನಾಗಿದೆ.

ಇಪ್ಪತ್ತೆಂಟು ವರ್ಷದಿಂದ ಪಂಚಾಯಿತಿ ಲೈಬ್ರರಿಯ ರಿಜಿಸ್ಟರ್ ಬರೆಯುತ್ತಿರುವ ನನಗೆ ಕಾವ್ಯನಾಮಗಳ ಜೊತೆ ಹಳೇ ಜಗಳ ಇದೆ. ಮೊದಲ ವರ್ಷ 'ಆನಂದ' ಅವರ ಪುಸ್ತಕವನ್ನೂ 'ಆನಂದಕಂದ' ಅವರ ಪುಸ್ತಕವನ್ನೂ ಒಬ್ಬರದೇ ಅಂದುಕೊಂಡು ಒಂದೇ ಕಡೆ ಜೋಡಿಸಿಟ್ಟಿದ್ದೆ. ಆನಂದ ಅಂದರೆ ಅಜ್ಜಂಪುರ ಸೀತಾರಾಂ. ಆನಂದಕಂದ ಅಂದರೆ ಬೆಟಗೇರಿ ಕೃಷ್ಣಶರ್ಮ. ಎಲ್ಲಿಯ ಅಜ್ಜಂಪುರ, ಎಲ್ಲಿಯ ಬೆಟಗೇರಿ! ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದು ನೋಡಿ, ಎಲ್ಲರ ಮುಂದೆ ನಕ್ಕು ತಿದ್ದಿದರು. ಆಮೇಲೆ ನಾನೊಂದು ನೋಟ್‌ಬುಕ್ ಮಾಡಿಕೊಂಡೆ. ಎಡಗಡೆ ಕಾವ್ಯನಾಮ, ಬಲಗಡೆ ನಿಜವಾದ ಹೆಸರು. ನಿರಂಜನ, ಕುಳಕುಂದ ಶಿವರಾಯ. ಚದುರಂಗ, ಸುಬ್ರಹ್ಮಣ್ಯರಾಜೇ ಅರಸು. ಬೀಚಿ, ರಾಯಸಂ ಭೀಮಸೇನರಾವ್. ಬೀಚಿಯವರಂತೂ ಮೊದಲಕ್ಷರ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ನನ್ನಂಥ ರಿಜಿಸ್ಟರ್ ಬರೆಯುವವನನ್ನು ಗೋಳು ಹೊಯ್ದುಕೊಳ್ಳಲೆಂದೇ ಇರಬೇಕು.

ಆ ನೋಟ್‌ಬುಕ್ಕಿನಿಂದ ನಾನು ಕಲಿತದ್ದು ಒಂದಿದೆ. ನಾವು ಇಟ್ಟುಕೊಂಡ ಹೆಸರು ಬೇರೆ, ಜನ ಇಟ್ಟುಕೊಳ್ಳುವ ಹೆಸರು ಬೇರೆ. ನಮ್ಮ ತಾಲ್ಲೂಕಿನವರನ್ನೇ ನೋಡು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಬರೆದವರು. 1920ರಲ್ಲಿ 'ಕೆಲವು ಸಣ್ಣ ಕತೆಗಳು' ತಂದರು. ತಮಗೆ ಅವರು ಆರಿಸಿಕೊಂಡ ಕಾವ್ಯನಾಮ 'ಶ್ರೀನಿವಾಸ'. ಈಗ ಯಾರಾದರೂ ಬಂದು "ಶ್ರೀನಿವಾಸರ ಪುಸ್ತಕ ಕೊಡಿ" ಅಂತಾರಾ? ಮಾಸ್ತಿ ಪುಸ್ತಕ ಕೊಡಿ ಅಂತಾರೆ. ಅವರು ದೇವರ ಹೆಸರು ಇಟ್ಟುಕೊಂಡರೆ ಜನ ಊರಿನ ಹೆಸರನ್ನೇ ಕಟ್ಟಿದರು. 1983ರ ಜ್ಞಾನಪೀಠವೂ ಜನರ ಬಾಯಲ್ಲಿ ಮಾಸ್ತಿಗೇ ಬಂದದ್ದು. ನಮ್ಮ ಲೈಬ್ರರಿದೂ ಇದೇ ಕತೆ ಅಲ್ವಾ? ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಬರೆಸಿ ಎಷ್ಟು ದಿನವಾಯಿತು. ಒಬ್ಬರೂ ಹಾಗೆ ಕರೆಯುವುದಿಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ. ನಾನೂ ಒಂದು ಕಾವ್ಯನಾಮ ಇಟ್ಟುಕೊಂಡಿದ್ದೆ. ನಿಮ್ಮಮ್ಮನಿಗೆ ಗೊತ್ತು. ಅವಳು ಇನ್ನೂ ನಗುತ್ತಾಳೆ. ಮದುವೆಗೆ ಮುಂಚೆ ಒಂದು ಕತೆ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಆಗಷ್ಟೇ ಸ್ನೇಹಿತರ ಜೊತೆ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ಬಂದಿದ್ದೆ. ಹಾಗಾಗಿ ಕೆಳಗೆ 'ಅಂತರಗಂಗೆ' ಅಂತ ಬರೆದು ವಿಳಾಸ ಹಾಕಿದೆ. ನನ್ನ ಹೆಸರು ಎಲ್ಲೂ ಬರೆಯಲಿಲ್ಲ. ಗುಟ್ಟು ಅಂದರೆ ಪೂರ್ತಿ ಗುಟ್ಟಾಗಿರಬೇಕು ಅನ್ನುವ ಹುಚ್ಚು. ಕತೆ ಬಂತು. ತಿಂಗಳು ಕಳೆದ ಮೇಲೆ 75 ರೂಪಾಯಿ ಮನಿಯಾರ್ಡರೂ ಬಂತು. ಪಾಪ ಅವರು ಹೆಸರು ನೋಡಿ 'ಶ್ರೀಮತಿ ಅಂತರಗಂಗೆ' ಅಂತ ಬರೆದಿದ್ದರು. ನಾನು ಮನೆಯಲ್ಲಿರಲಿಲ್ಲ. ನಿಮ್ಮ ತಾತ ಜಗಲಿ ಮೇಲೆ ಕೂತಿದ್ದರು. ಪೋಸ್ಟ್‌ಮನ್ ಕೇಳಿದ್ದಕ್ಕೆ, "ನಮ್ಮ ಮನೇಲಿ ಆ ಹೆಸರಿನ ಹೆಂಗಸು ಯಾರೂ ಇಲ್ಲಪ್ಪ" ಅಂತ ಕಳಿಸಿಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಆ ಹೆಂಗಸು ಯಾರು ಅಂತ ಒಂದು ವಾರ ನನ್ನನ್ನು ವಿಚಾರಣೆ ಮಾಡಿದರು. ದುಡ್ಡು ವಾಪಸ್ ಹೋಯಿತು. ಅಂತರಗಂಗೆಯ ಸಾಹಿತ್ಯ ಸೇವೆ ಅಲ್ಲಿಗೇ ಮುಗಿಯಿತು.

ಅದಕ್ಕೇ ಹೇಳುತ್ತೇನೆ, ಪತ್ರಿಕೆಗೆ ಕಳಿಸುವಾಗ ಕತೆಯ ಕೆಳಗೆ ಸಂಚಿತಾ ಅಂತ ಹಾಕು. ಬೇರೆ ಹಾಳೆಯಲ್ಲಿ ನಿನ್ನ ನಿಜವಾದ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೆದು, ಇದನ್ನು ಅಚ್ಚು ಹಾಕಬೇಡಿ ಅಂತ ತಿಳಿಸು. ಕಾನೂನಿನ ಮಾತೂ ಒಂದಿದೆ. ಬರೆದವರು ಯಾರು ಅಂತ ಹೊರಗೆ ಗೊತ್ತಾಗದೇ ಉಳಿದರೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಪುಸ್ತಕದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಮಾತ್ರ. ಅಷ್ಟರೊಳಗೆ ಹೆಸರು ಬಹಿರಂಗವಾದರೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ. ನಿನಗೀಗ 26. ಗುಟ್ಟು ಬಿಡದೆ ಕೂತರೆ ಅಜ್ಜಿಯಾಗುವ ಹೊತ್ತಿಗೆ ನಿನ್ನ ಕತೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನೀನು ಲೈಬ್ರರಿಯಲ್ಲಿ ಕೂತು ನೋಡುತ್ತಿರಬೇಕಾಗುತ್ತದೆ.

ಹೆಂಗಸರು ಯಾಕೆ ಬೇರೆ ಹೆಸರಿನಲ್ಲಿ ಬರೆದರು ಅನ್ನುವುದಕ್ಕೆ ನಾನು ನಿನಗೆ ಪಾಠ ಮಾಡಬೇಕಿಲ್ಲ. ಕೊಡಗಿನ ಗೌರಮ್ಮ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಬರೆಯುತ್ತಿದ್ದರು. ಗಂಡನ ಹೆಸರಿನ ಹಿಂದೆ ನಿಂತು, ವಿಧವೆಯರ ಬಗ್ಗೆ, ಮೋಸಹೋದ ಹುಡುಗಿಯರ ಬಗ್ಗೆ ಅಷ್ಟು ಗಟ್ಟಿ ಕತೆ. 1939ರಲ್ಲಿ ನೀರಿನಲ್ಲಿ ಮುಳುಗಿ ಹೋದಾಗ ಅವರಿಗೆ ಹೆಚ್ಚು ಕಮ್ಮಿ ಈಗಿನ ನಿನ್ನ ವಯಸ್ಸು. ಇವತ್ತು ಆ ಮಿಸೆಸ್ ಯಾರಿಗೂ ನೆನಪಿಲ್ಲ. ಗೌರಮ್ಮ ಉಳಿದರು. ತ್ರಿವೇಣಿಯವರದು ತಿರುಗುಮುರುಗು. ಅನಸೂಯಾ ಶಂಕರ್ ಅಂದರೆ ನಮ್ಮ ಲೈಬ್ರರಿಗೆ ಬರುವ ಯಾರಿಗೂ ಗುರುತು ಸಿಗುವುದಿಲ್ಲ. ತ್ರಿವೇಣಿ ಅಂದರೆ ಸಾಕು, "'ಶರಪಂಜರ' ವಾಪಸ್ ಬಂತಾ ಸಾರ್?" ಅಂತ ಕೇಳುತ್ತಾರೆ. ಹುಚ್ಚು ವಾಸಿಯಾಗಿ ಮನೆಗೆ ಬಂದರೂ ಮನೆಯವರು ಹುಚ್ಚಿಯಂತೆಯೇ ನೋಡುವ ಹೆಂಗಸಿನ ಕತೆ ಬರೆದ ಅವರು, ಮೂವತ್ತೈದು ತುಂಬುವ ಮೊದಲೇ 1963ರಲ್ಲಿ ಹೋಗಿಬಿಟ್ಟರು. 'ವಾಣಿ' ಅಂತ ಬರೆದವರು ಬಿ.ಎನ್. ಸುಬ್ಬಮ್ಮ. ಡಾಕ್ಟರ್ ಅನುಪಮಾ ನಿರಂಜನ ಅವರ ಹುಟ್ಟುಹೆಸರು ವೆಂಕಟಲಕ್ಷ್ಮಿ.

ಆಫೀಸಿನಲ್ಲಿ ಗೊತ್ತಾಗಬಾರದು ಅಂತಲೂ ನೀನು ಹೇಳಿದ್ದೀಯ. ಅದಕ್ಕೂ ಹಳೇ ಉದಾಹರಣೆ ಇದೆ. ಹಿಂದಿಯ ಪ್ರೇಮ್‌ಚಂದ್ ಅಂದರೆ ಧನಪತ್ ರಾಯ್. ಅವರು ವಿದ್ಯಾ ಇಲಾಖೆಯಲ್ಲಿದ್ದಾಗ, 1908ರಲ್ಲಿ ನವಾಬ್ ರಾಯ್ ಅನ್ನುವ ಹೆಸರಿನಲ್ಲಿ ಉರ್ದುವಿನಲ್ಲಿ ಒಂದು ಕತೆಪುಸ್ತಕ ತಂದರು. ದೇಶಪ್ರೇಮದ ಕತೆಗಳು. ಯಾರು ಬರೆದದ್ದು ಅಂತ ಬ್ರಿಟಿಷ್ ಕಲೆಕ್ಟರಿಗೆ ಗೊತ್ತಾಗಿ ಪುಸ್ತಕ ವಶವಾಯಿತು. ಒಂದು ಗುಟ್ಟಿನ ಹೆಸರು ಬಯಲಾದ ಮೇಲೆ ಇಟ್ಟುಕೊಂಡ ಎರಡನೇ ಹೆಸರೇ ಪ್ರೇಮ್‌ಚಂದ್. ನಿನ್ನ ಮ್ಯಾನೇಜರು ಅಷ್ಟೆಲ್ಲ ಕನ್ನಡ ಕತೆ ಓದುತ್ತಾರೆ ಅಂತ ನನಗೆ ಅನಿಸುವುದಿಲ್ಲ ಬಿಡು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುಮ್ನೆ ಸುತ್ತಿ ಬಳಸಿ ಬರೆದೆ.

ವೈದೇಹಿಯವರಿಗೆ ಆ ಹೆಸರು ಹೇಗೆ ಬಂತು ಗೊತ್ತಾ? ಅವರು ಚಿಕ್ಕವರಿದ್ದಾಗ 'ಸುಧಾ'ಗೆ ಒಂದು ಕತೆ ಕಳಿಸಿದ್ದರು. ಅದರಲ್ಲಿ ನಿಜವಾಗಿ ನಡೆದ ಸಂಗತಿ ಇತ್ತು. ಕಳಿಸಿದ ಮೇಲೆ ಭಯವಾಗಿ, ಹಾಕಬೇಡಿ ಅಂತ ಬರೆದರು. ಸಂಪಾದಕರು ಕತೆ ಬಿಡಲಿಲ್ಲ, ಹೆಸರು ಬದಲಾಯಿಸಿ 'ವೈದೇಹಿ' ಅಂತ ಹಾಕಿ ಅಚ್ಚು ಮಾಡಿಬಿಟ್ಟರು. ಇದನ್ನು ಓದಿದಾಗಲೆಲ್ಲ ನಾನು ಆ ಕತೆಯೊಳಗಿದ್ದವರ ಬಗ್ಗೆ ಯೋಚಿಸುತ್ತೇನೆ. ಬರೆದವರಿಗೆ ಹೊಸ ಹೆಸರು ಸಿಕ್ಕಿತು. ಒಳಗಿದ್ದವರಿಗೆ?

ನಿನ್ನ ಕತೆಯಲ್ಲಿ ಮದುವೆಯಾಗಿ ಹನ್ನೊಂದನೇ ದಿನಕ್ಕೆ ಟ್ರಂಕು ಹೊತ್ತುಕೊಂಡು ತವರಿಗೆ ವಾಪಸ್ ಬರುವ ಹೆಂಗಸನ್ನು ನೀನು ಪದ್ಮ ಅಂತ ಕರೆದಿದ್ದೀಯ. ಆದರೆ ಅವಳು ಬೆಳಿಗ್ಗೆ ಐದೂವರೆಗೆ ಎಲ್ಲರಿಗಿಂತ ಮೊದಲು ಡೈರಿ ಮುಂದೆ ನಿಂತಿರುತ್ತಾಳೆ. ಅವಳ ಸೀಮೆಹಸುವಿಗೆ ಒಂದೇ ಕೊಂಬು. ಹಾಲಿನ ಕ್ಯಾನಿಗೆ ಕೆಂಪು ಬಟ್ಟೆ ಸುತ್ತಿರುತ್ತಾಳೆ. ಪುಟ್ಟಿ, ಇದು ನಿಮ್ಮ ದೊಡ್ಡತ್ತೆ ಅಂತ ಮೂರನೇ ಸಾಲಿಗೇ ನನಗೆ ಗೊತ್ತಾಯಿತು. ಜೆರಾಕ್ಸ್ ಅಂಗಡಿ ಹುಡುಗನ ಅಮ್ಮನೂ ಅದೇ ಡೈರಿಗೆ ಹಾಲು ಹಾಕುವವಳು.

ನೀನು ಸಂಚಿತಾ ಅಂತ ಇಟ್ಟುಕೋ, ಇನ್ನೇನಾದರೂ ಇಟ್ಟುಕೋ, ಆ ಹೆಸರು ಬೆಂಗಳೂರಿನಲ್ಲಿ ನಿನ್ನನ್ನು ಕಾಪಾಡುತ್ತದೆ. ಇಲ್ಲಿ ಅಕ್ಕ ಮರುದಿನ ಬೆಳಿಗ್ಗೆಯೂ ಅದೇ ಸಾಲಿನಲ್ಲಿ, ಅದೇ ಕ್ಯಾನು ಹಿಡಿದು ನಿಲ್ಲಬೇಕು. ಊರಿನವರು ಆ ಹನ್ನೊಂದು ದಿನದ ಮಾತನ್ನು ಮರೆಯಲು ಮೂವತ್ತು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡರು. ಹಸುವಿಗೆ ಎರಡೂ ಕೊಂಬು ಕೊಡು. ಹಸು ಬೇಡ, ರೇಷ್ಮೆಹುಳು ಸಾಕಲಿ. ಊರು ಶಿಡ್ಲಘಟ್ಟದ ಕಡೆ ಇರಲಿ. ಒಂದೇ ಕೊಂಬಿನ ಹಸು ಹೋದರೆ ಕತೆಯೇ ಹೋಗುತ್ತದೆ ಅಂತ ನಿನಗೆ ಅನಿಸಿದರೆ, ಅದೂ ಇರಬಹುದು. ಆಗ ಅಕ್ಕನನ್ನೇ ಕೇಳಬೇಕಾಗುತ್ತದೆ. ಅದು ನನ್ನ ಕೈಲಿ ಆಗುವುದಿಲ್ಲ. ನೀನೇ ಕೇಳಬೇಕು.

ಇನ್ನೊಂದು. ನಿನ್ನ ಕತೆಯಲ್ಲಿ ಅವಳು ಬಂದ ರಾತ್ರಿ ಮಳೆ ಸುರಿಯುತ್ತದೆ. ಮಳೆ ಇರಲಿಲ್ಲ. ಬೆಳದಿಂಗಳಿತ್ತು. ಹಾಗಾಗಿ ಎದುರು ಮನೆಯವರೆಲ್ಲ ನೋಡಿದರು. ಒಳಗೆ ಎಚ್ಚರವಾಗಿಯೇ ಇದ್ದು, ಅಪ್ಪನಿಗೆ ಹೆದರಿ ಚಿಲಕ ತೆಗೆಯದೆ ಮಲಗಿದ್ದ ತಮ್ಮನನ್ನು ನೀನು ಎರಡೇ ಸಾಲಿನಲ್ಲಿ ಬರೆದಿದ್ದೀಯ. ಯಾರು ಹೇಳಿದರು ನಿನಗೆ ಅದನ್ನು? ಅಕ್ಕನೇ ಇರಬೇಕು. ನನಗೆ ಆಗ ಹದಿನೇಳು. ಆ ಎರಡು ಸಾಲು ಬದಲಾಯಿಸಬೇಡ. ಹಾಗೇ ಇರಲಿ.

ಹಸು ನಿನ್ನೆ ಕರು ಹಾಕಿದೆ, ಹೆಣ್ಣು ಕರು. ಗಿಣ್ಣು ಮಾಡುತ್ತೇನೆ, ಭಾನುವಾರ ಪುಟ್ಟಿ ಬರ್ತಾಳಾ ಕೇಳು ಅಂತ ಅಕ್ಕ ಹೇಳಿಕಳಿಸಿದ್ದಾಳೆ. ಬೆಳಗಿನ ರೈಲಿಗೇ ಬಾ. ಕತೆಯನ್ನೂ ತಗೊಂಡು ಬಾ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು. ಅವಳಿಗೂ ಈಗ ಸಣ್ಣಕ್ಷರ ಕಾಣುವುದಿಲ್ಲ.

ನಿನ್ನ ಅಪ್ಪ